ಕ್ಯಾನಿನ ಒಳಗಿನ ಅಚ್ಚನ್ನು ಹೇಗೆ ಹೊರಗೆ ತೆಗೀತೀರಿ?

ಹಾಸನದಲ್ಲಿ ಪ್ಲಾಸ್ಟಿಕ್ ಕ್ಯಾನ್ ಮಾಡುವ ಕಾರ್ಖಾನೆಯಲ್ಲಿ ನನಗೆ ಕೆಲಸ. ನೆಂಟರಿರಲಿ, ಸಕಲೇಶಪುರದ ತೋಟದವರಿರಲಿ, ಕೇಳುವುದು ಒಂದೇ. ಕ್ಯಾನಿನ ಬಾಯಿ ಇಷ್ಟು ಚಿಕ್ಕದು, ಹೊಟ್ಟೆ ಅಷ್ಟು ದೊಡ್ಡದು. ಒಳಗಿನ ಅಚ್ಚನ್ನು ಹೇಗೆ ಹೊರಗೆ ತೆಗೀತೀರಿ?

ಒಳಗೆ ಅಚ್ಚೇ ಇರುವುದಿಲ್ಲ. ಅಲ್ಲಿರುವುದು ಬರೀ ಗಾಳಿ.

ಇಂಥ ಕ್ಯಾನಿಗೆ ಬಳಸುವುದು ಎಚ್‌ಡಿಪಿಇ ಅನ್ನುವ ಗಟ್ಟಿ ಜಾತಿಯ ಪ್ಲಾಸ್ಟಿಕ್. ಅದರ ಕಾಳನ್ನು ಹಾಪರ್‌ಗೆ, ಅಂದರೆ ಯಂತ್ರದ ಆಲಿಕೆಗೆ, ಸುರಿಯುತ್ತೇವೆ. ಬಿಸಿ ಬ್ಯಾರೆಲ್ಲಿನಲ್ಲಿ ತಿರುಗುವ ಸ್ಕ್ರೂ ಅದನ್ನು ಕರಗಿಸಿ ಮುಂದೆ ತಳ್ಳುತ್ತದೆ. ಬಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್. ಕರಗಿದ್ದು ಚಕ್ಕುಲಿ ಒರಳಿನಿಂದ ಹಿಟ್ಟು ಇಳಿದ ಹಾಗೆ ಡೈ ಅನ್ನುವ ಬಾಯಿಂದ ಕೆಳಗಿಳಿಯುತ್ತದೆ, ಆದರೆ ಟೊಳ್ಳು ಕೊಳವೆಯಾಗಿ. ಇದಕ್ಕೆ ಪ್ಯಾರಿಸನ್ ಅನ್ನುತ್ತೇವೆ. ಬೇಕಾದಷ್ಟು ಉದ್ದ ಇಳಿದ ಕೂಡಲೇ ಮೋಲ್ಡಿನ, ಅಂದರೆ ಹೊರಗಿನ ಅಚ್ಚಿನ, ಎರಡು ಹೋಳು ಬಂದು ಅದನ್ನು ಮುಚ್ಚುತ್ತವೆ. ಕೆಳತುದಿ ಹಿಸುಕಿಕೊಂಡು ಅಂಟುತ್ತದೆ. ಆಗ ಗಾಳಿ ಊದುತ್ತೇವೆ. ಕೊಳವೆ ಉಬ್ಬಿ ಮೋಲ್ಡಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಮೋಲ್ಡಿನೊಳಗೆ ತಣ್ಣೀರು ಹರಿಯುತ್ತಿರುತ್ತದೆ, ಹಾಗಾಗಿ ಬೇಗ ಗಟ್ಟಿಯಾಗುತ್ತದೆ. ಅಂಚಿನಲ್ಲಿ ಉಳಿದ ತುಂಡು ವ್ಯರ್ಥವಲ್ಲ. ಪುಡಿ ಮಾಡಿ ಹೊಸ ಕಾಳಿಗೆ ಬೆರೆಸುತ್ತೇವೆ.

ಇಷ್ಟು ಕೇಳಿ ಜನ ಗಾಳಿಯನ್ನೇ ಹೊಗಳುತ್ತಾರೆ. ನಿಜವಾದ ಕಸುಬು ಇರುವುದು ದಪ್ಪದಲ್ಲಿ. ಬಿಸಿ ಕೊಳವೆ ತನ್ನ ಭಾರಕ್ಕೇ ಜಗ್ಗುತ್ತದೆ, ಮೇಲ್ಭಾಗ ತೆಳ್ಳಗಾಗುತ್ತದೆ. ಊದುವಾಗ ಮೂಲೆ ತಲುಪಬೇಕಾದ ಪ್ಲಾಸ್ಟಿಕ್ ಎಲ್ಲಕ್ಕಿಂತ ಜಾಸ್ತಿ ಹಿಗ್ಗುತ್ತದೆ, ಅಲ್ಲೂ ತೆಳು. ಅದಕ್ಕೇ ಕೊಳವೆ ಇಳಿಯುತ್ತಿರುವಾಗಲೇ ಡೈನ ಸಂದನ್ನು ಹಿಗ್ಗಿಸಿ, ಕುಗ್ಗಿಸಿ, ಎಲ್ಲಿ ಜಾಸ್ತಿ ಹಿಗ್ಗಬೇಕೋ ಅಲ್ಲಿಗೆ ಜಾಸ್ತಿ ಪ್ಲಾಸ್ಟಿಕ್ ಕೊಡಬೇಕು. ಇದನ್ನು ಸರಿಯಾಗಿ ಕೂರಿಸುವ ಆಪರೇಟರ್ ಕಂಡರೆ ನನಗೆ ತುಂಬಾ ಗೌರವ.

ನೀರಿನ ಪೆಟ್ ಬಾಟಲಿಯ ದಾರಿ ಬೇರೆ. ಅದಕ್ಕೆ ಮೊದಲು ಪ್ರಿಫಾರ್ಮ್ ಅನ್ನುವ ದಪ್ಪ ಗೋಡೆಯ ಪುಟ್ಟ ಕೊಳವೆ ಮಾಡಿಕೊಂಡಿರುತ್ತಾರೆ. ಅದನ್ನು ಸುಮಾರು 100 ಡಿಗ್ರಿಗೆ ಕಾಯಿಸಿದಾಗ ಸರಳು ಉದ್ದಕ್ಕೆ ಎಳೆಯುತ್ತದೆ, ಗಾಳಿ ಅಗಲಕ್ಕೆ ಉಬ್ಬಿಸುತ್ತದೆ. ಎರಡೂ ಕಡೆಗೆ ಎಳೆದಿದ್ದರಿಂದಲೇ ಅಷ್ಟು ತೆಳುವಿದ್ದರೂ ಗಟ್ಟಿ. ಬಾಟಲಿ ತಿರುಗಿಸಿ ನೋಡಿ. ತಳದ ನಡುವೆ ಒಂದು ಚುಕ್ಕೆ ಇರುತ್ತದೆ. ನಮ್ಮ ಕ್ಯಾನಿನ ತಳದಲ್ಲಿ ಗೆರೆ ಇರುತ್ತದೆ, ಕೊಳವೆ ಹಿಸುಕಿ ಅಂಟಿದ ಜಾಗ ಅದು.

ಕಾಫಿ ತೋಟದವರಿಗೆ ಒಂದು ಮಾತು. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ, ಹಾಗಾಗಿ ಅದನ್ನು ಸುಣ್ಣದ ಜೊತೆ ಬೆರೆಸಿ ಗಿಡಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಪ್ಲಾಸ್ಟಿಕ್ಕೇ ಬೇಕು, ಅಲ್ವಾ? ಕೊಳ್ಳುವಾಗ ಸುಮ್ನೆ ಬಣ್ಣ ನೋಡಬೇಡಿ. ತಳದ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಆಮೇಲೆ ನೀರು ತುಂಬಿಸಿ, ಆ ಗೆರೆಯಲ್ಲಿ ಜಿನುಗುತ್ತದೆಯೇ ಅಂತ ನೋಡಿ.