ಹರಿದ ಮೇಲೆ ಇನ್ನೊಂದು ಹೆರಿಗೆ

ನನಗೀಗ ಎಂಟನೇ ತಿಂಗಳು. ಸಿಕ್ಕವರೆಲ್ಲ ಕೇಳುವುದು ಒಂದೇ: ‘ಈ ಸಲ ನಾರ್ಮಲ್ಲಾ, ಸಿಸೇರಿಯನ್ನಾ?’ ಮೊದಲ ಹೆರಿಗೆಯಲ್ಲಿ ಮಲದ್ವಾರದ ಸ್ನಾಯುವಿನವರೆಗೂ ಹರಿದವಳಿಗೆ ಇದಕ್ಕೆ ಒಂದೇ ಮಾತಲ್ಲಿ ಉತ್ತರ ಕೊಡುವುದು ಕಷ್ಟ. ನನ್ನ ಉತ್ತರ ಹುಡುಕಲು ಬಸಿರಾಗುವ ಮುಂಚಿನಿಂದಲೇ ಡಾಕ್ಟರುಗಳ ಹತ್ತಿರ ಓಡಾಡಿದ್ದೇನೆ. ಈ ವಿಷಯವನ್ನು ಹೆಂಗಸರು ಹೆಂಗಸರ ಹತ್ತಿರವೂ ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೇ ಇಲ್ಲಿ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲ ಸಲ ಮಗುವಿನ ಮುಖ ಮೇಲಕ್ಕೆ ತಿರುಗಿತ್ತು. ಎಷ್ಟು ಮುಕ್ಕಿದರೂ ತಲೆ ಕೆಳಗಿಳಿಯಲಿಲ್ಲ. ಕೊನೆಗೆ ಫೋರ್ಸೆಪ್ಸ್, ಅಂದರೆ ತಲೆಯನ್ನು ಹಿಡಿದು ಎಳೆಯುವ ಇಕ್ಕಳ, ಹಾಕಿ ತೆಗೆದರು. ಮಗು ಅತ್ತಿತು, ಎಲ್ಲರೂ ನಕ್ಕರು. ಆಮೇಲೆ ನನ್ನನ್ನು ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋಗಿ, ಸೊಂಟದಿಂದ ಕೆಳಗೆ ಮರಗಟ್ಟಿಸಿ ಹೊಲಿಗೆ ಹಾಕಿದರು. ‘ಸ್ವಲ್ಪ ಜಾಸ್ತಿ ಹರಿದಿದೆ’ ಎಂದಷ್ಟೇ ಹೇಳಿದರು.

ಆ ‘ಸ್ವಲ್ಪ ಜಾಸ್ತಿ’ ಏನೆಂದು ಮನೆಗೆ ಬಂದ ಮೇಲೆ ಗೊತ್ತಾಯಿತು. ಗ್ಯಾಸ್ ತಡೆಯಲು ಆಗುತ್ತಿರಲಿಲ್ಲ. ಕಕ್ಕಸಿಗೆ ಹೋಗಬೇಕು ಅನ್ನಿಸಿದರೆ ಆ ಕ್ಷಣವೇ ಓಡಬೇಕು. ಎದೆಹಾಲು ಕುಡಿಯುತ್ತಿದ್ದ ಮಗುವನ್ನು ಹಾಸಿಗೆ ಮೇಲೆ ಬಿಟ್ಟು ಓಡಿದ್ದೇನೆ, ಹಿಂದಿನಿಂದ ಅದು ಅಳುವುದು ಕೇಳಿಸುತ್ತಿತ್ತು. ಮಗು ಹೆಜ್ಜೆ ಇಡಲು ಶುರು ಮಾಡುವ ಹೊತ್ತಿಗೆ ಹೆಚ್ಚೂಕಡಿಮೆ ಸರಿಹೋಯಿತು. ಅದಕ್ಕೆ ಕಾರಣ ಒಬ್ಬ ಫಿಸಿಯೋಥೆರಪಿಸ್ಟ್. ಯಾವ ಸ್ನಾಯುವನ್ನು ಬಿಗಿಹಿಡಿಯಬೇಕು, ಎಷ್ಟು ಹೊತ್ತು ಹಿಡಿಯಬೇಕು, ಆಮೇಲೆ ಪೂರ್ತಿ ಹೇಗೆ ಸಡಿಲ ಬಿಡಬೇಕು ಅಂತ ಕೂತು ಕಲಿಸಿದರು. ಸಡಿಲ ಬಿಡುವುದೂ ಕಲಿಯಬೇಕಾದ ವಿದ್ಯೆ ಅಂತ ನನಗೆ ಆಗಲೇ ತಿಳಿದದ್ದು.

ಮಲದ್ವಾರದ ಸುತ್ತ ಎರಡು ಸ್ನಾಯುಗಳು ಉಂಗುರದ ಹಾಗೆ ಇರುತ್ತವೆ, ಒಂದರೊಳಗೆ ಒಂದು. ಒಳಗಿನದು ನಮ್ಮ ಗಮನವೇ ಇಲ್ಲದೆ ಹಗಲೂ ರಾತ್ರಿ ಬಿಗಿಯಾಗಿರುತ್ತದೆ. ಹೊರಗಿನದು ನಾವು ಬೇಕೆಂದಾಗ ಬಿಗಿ ಹಿಡಿಯುವಂಥದ್ದು. ಹೊರಗಿನದಕ್ಕೆ ಪೆಟ್ಟಾದರೆ ನನ್ನ ಹಾಗೆ ಓಡಬೇಕಾಗುತ್ತದೆ. ಒಳಗಿನದಕ್ಕೆ ಪೆಟ್ಟಾದರೆ ಗೊತ್ತೇ ಆಗದ ಹಾಗೆ ಬಟ್ಟೆಗೆ ಸೋರಬಹುದು. ಡಾಕ್ಟರುಗಳು ಲೆಕ್ಕ ಹಾಕುವ ಡಿಗ್ರಿಗಳೂ ಇದರ ಮೇಲೇ ನಿಂತಿವೆ. ಬರೀ ಚರ್ಮ ಹರಿದರೆ ಮೊದಲನೇ ಡಿಗ್ರಿ. ಯೋನಿ ಮತ್ತು ಮಲದ್ವಾರದ ನಡುವಿನ ಸ್ನಾಯುವೂ ಹರಿದರೆ ಎರಡನೆಯದು. ಹೊರ ಉಂಗುರ ಅರ್ಧಕ್ಕಿಂತ ಕಡಿಮೆ ಹರಿದರೆ 3ಎ, ಅರ್ಧಕ್ಕಿಂತ ಜಾಸ್ತಿ ಹರಿದರೆ 3ಬಿ, ಒಳ ಉಂಗುರವೂ ಹರಿದರೆ 3ಸಿ. ಅದನ್ನೂ ದಾಟಿ ಮಲದ್ವಾರದ ಒಳಪದರವೇ ಹರಿದರೆ ನಾಲ್ಕನೆಯದು.

ನನ್ನದು ಯಾವುದು ಅಂತ ಡಿಸ್ಚಾರ್ಜ್ ಕಾಗದದಲ್ಲಿ ಇರಲಿಲ್ಲ. ‘ಹರಿದಿತ್ತು, ಹೊಲಿಗೆ ಹಾಕಲಾಗಿದೆ’ ಅನ್ನುವ ಒಂದು ಸಾಲು ಮಾತ್ರ ಇತ್ತು. ಇದು ನನಗೆ ಈಗಲೂ ಸಿಟ್ಟು ತರಿಸುವ ವಿಷಯ. ಒಬ್ಬ ಹೆಂಗಸಿನ ಮುಂದಿನ ಹೆರಿಗೆ ಹೇಗಿರಬೇಕು ಅನ್ನುವುದು ಆ ಒಂದು ಅಕ್ಷರದ ಮೇಲೆ ನಿಂತಿರುತ್ತದೆ, ಅದನ್ನೇ ಬರೆಯದಿದ್ದರೆ ಹೇಗೆ? ಹೊಲಿಗೆ ಹಾಕಿದಾಗ ಥಿಯೇಟರಿನಲ್ಲಿ ಬರೆದಿಟ್ಟ ಆಪರೇಷನ್ ಟಿಪ್ಪಣಿ ಬೇರೆಯೇ ಇರುತ್ತದೆ. ಅದರ ಪ್ರತಿ ಬೇಕೆಂದು ಅರ್ಜಿ ಕೊಟ್ಟು, ಬೆನ್ನು ಬಿದ್ದು ತರಿಸಿಕೊಂಡೆ. 3ಬಿ. ನೀವೂ ಇದೇ ದಾರಿಯಲ್ಲಿ ಇದ್ದರೆ ಮೊದಲು ಆ ಟಿಪ್ಪಣಿ ತರಿಸಿಕೊಳ್ಳಿ. ಮಿಕ್ಕ ಮಾತೆಲ್ಲ ಆಮೇಲೆ.

ಆಮೇಲಿನ ಪ್ರಶ್ನೆ, ಅವತ್ತು ಎಷ್ಟು ಹರಿದಿತ್ತು ಅನ್ನುವುದಕ್ಕಿಂತ ಇವತ್ತು ಎಷ್ಟು ಕೂಡಿಕೊಂಡಿದೆ ಅನ್ನುವುದು. ಇದನ್ನು ನೋಡಲು ಎರಡು ಪರೀಕ್ಷೆಗಳಿವೆ. ಒಂದರಲ್ಲಿ ಬೆರಳಿನಷ್ಟು ದಪ್ಪದ ಸಾಧನವನ್ನು ಮಲದ್ವಾರದೊಳಗೆ ಇಟ್ಟು ಅಲ್ಟ್ರಾಸೌಂಡ್ ಮಾಡುತ್ತಾರೆ. ಎರಡೂ ಉಂಗುರಗಳು ಪರದೆಯ ಮೇಲೆ ಕಾಣಿಸುತ್ತವೆ, ಎಲ್ಲಿ ಬಿಟ್ಟುಕೊಂಡಿದೆ ಅನ್ನುವುದೂ ಕಾಣಿಸುತ್ತದೆ. ಇನ್ನೊಂದು ಮ್ಯಾನೋಮೆಟ್ರಿ. ಸಣ್ಣ ನಳಿಗೆಯೊಂದನ್ನು ಇಟ್ಟು, ಸುಮ್ನೆ ಮಲಗಿದ್ದಾಗ ಒತ್ತಡ ಎಷ್ಟು, ಬಿಗಿ ಹಿಡಿದಾಗ ಎಷ್ಟು ಏರುತ್ತದೆ ಅಂತ ಅಳೆಯುತ್ತಾರೆ. ನನಗೆ ನೋವು ಆಗಲಿಲ್ಲ. ಸಂಕೋಚ ಆಯಿತು. ಪರೀಕ್ಷೆ ಮಾಡಿದ ನರ್ಸ್ ಪ್ರತಿ ಹೆಜ್ಜೆಯನ್ನೂ ಮೊದಲೇ ಹೇಳಿ ಮಾಡಿದ್ದರಿಂದ ಆ ಸಂಕೋಚವೂ ಬೇಗ ಹೋಯಿತು.

ಗಡಿಯಾರದ ಮುಖದಲ್ಲಿ ಒಂದು ಗಂಟೆಯ ಅಂತರ ಇರುತ್ತದಲ್ಲ, ಅಂದರೆ 30 ಡಿಗ್ರಿ, ಅದಕ್ಕಿಂತ ದೊಡ್ಡ ಬಿರುಕು ಉಂಗುರದಲ್ಲಿ ಉಳಿದಿದ್ದು, ಬಿಗಿ ಹಿಡಿದಾಗ ಏರುವ ಒತ್ತಡವೂ 20 ಮಿಲಿಮೀಟರ್ ಪಾದರಸಕ್ಕಿಂತ ಕಡಿಮೆ ಇದ್ದರೆ ಕೆಲವು ತಜ್ಞರು ಸಿಸೇರಿಯನ್ ಕಡೆಗೆ ವಾಲುತ್ತಾರೆ. ನನ್ನದರಲ್ಲಿ ಗಾಯದ ಕಲೆ ಕಾಣಿಸಿತು, ಆದರೆ ಅಂಥ ಬಿರುಕು ಇರಲಿಲ್ಲ. ಒತ್ತಡವೂ ಚೆನ್ನಾಗಿತ್ತು. ಈ ಪರೀಕ್ಷೆಗಳು ಎಲ್ಲ ಕಡೆ ಸಿಗುವುದಿಲ್ಲ. ಸಿಗದಿದ್ದರೆ, ಅನುಭವ ಇರುವ ಡಾಕ್ಟರು ಬೆರಳಿನಿಂದ ಪರೀಕ್ಷೆ ಮಾಡಿದರೂ, ನೀವು ನಿಮ್ಮ ತೊಂದರೆಗಳನ್ನು ಮುಚ್ಚಿಡದೆ ಹೇಳಿದರೂ ಸಾಕಷ್ಟು ತಿಳಿಯುತ್ತದೆ. ಗ್ಯಾಸ್ ತಡೆಯಲು ಆಗುತ್ತದಾ, ಕಕ್ಕಸಿಗೆ ಎಷ್ಟು ಹೊತ್ತು ತಡೆಯಬಲ್ಲಿರಿ, ಬಟ್ಟೆಗೆ ಕಲೆ ಆಗುತ್ತದಾ, ಗಂಡನ ಜೊತೆ ಸೇರುವಾಗ ನೋವಿದೆಯಾ? ಕೇಳದಿದ್ದರೂ ನಾವೇ ಹೇಳಬೇಕು.

ಬಸಿರಿಗೆ ಮುಂಚೆಯೇ ಇದೆಲ್ಲ ಮಾಡಿಸಿಕೊಂಡಿದ್ದು ಒಳ್ಳೆಯದಾಯಿತು. ಹೊಟ್ಟೆ ಬೆಳೆಯುತ್ತಾ ಯೋಚನೆ ಮಾಡುವುದಕ್ಕೂ, ಸಮಾಧಾನವಾಗಿ ಕೂತು ಯೋಚನೆ ಮಾಡುವುದಕ್ಕೂ ಬಹಳ ವ್ಯತ್ಯಾಸ ಇದೆ.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಆಬ್‌ಸ್ಟೆಟ್ರಿಷಿಯನ್ಸ್ ಅಂಡ್ ಗೈನಕಾಲಜಿಸ್ಟ್ಸ್ 2015ರಲ್ಲಿ ಹೊರತಂದ ಮಾರ್ಗಸೂಚಿಯನ್ನು ಡಾಕ್ಟರು ನನ್ನ ಮುಂದೆ ತೆರೆದಿಟ್ಟರು. ಒಮ್ಮೆ ಹೀಗೆ ಹರಿದವರು ಮತ್ತೆ ಯೋನಿಯ ಮೂಲಕವೇ ಹೆತ್ತರೆ, ನೂರರಲ್ಲಿ 5ರಿಂದ 7 ಜನಕ್ಕೆ ಪುನಃ ಅಷ್ಟೇ ತೀವ್ರವಾಗಿ ಹರಿಯುತ್ತದೆ ಅಂತ ಅದರಲ್ಲಿದೆ. ಅಲ್ಲಿ ಮೊದಲ ಹೆರಿಗೆಯವರಲ್ಲಿ ಹೀಗೆ ಹರಿಯುವವರು ಶೇಕಡಾ 6ರ ಹತ್ತಿರ. ಅಂದರೆ ಮೊದಲ ಸಲ ಇದ್ದ ಅಪಾಯವೇ ಹೆಚ್ಚೂಕಡಿಮೆ ಈಗಲೂ ಇದೆ. ಇದು ಕೇಳಿ ನನಗೆ ಧೈರ್ಯ ಬಂತು. ನನ್ನನ್ನು ಯೋಚನೆಗೆ ಹಚ್ಚಿದ್ದು ಇನ್ನೊಂದು ಅಂಕಿ. ಎರಡನೇ ಸಲವೂ ಹಾಗೇ ಹೆತ್ತವರಲ್ಲಿ ಸುಮಾರು ಶೇಕಡಾ 17 ಜನಕ್ಕೆ ಮಲ ತಡೆಯುವ ತೊಂದರೆ ಮೊದಲಿಗಿಂತ ಹೆಚ್ಚಾಗಬಹುದು. ಪುನಃ ಹರಿಯಲೇಬೇಕು ಅಂತಿಲ್ಲ. ಮಗುವಿನ ತಲೆ ಇಳಿಯುವಾಗ ಸ್ನಾಯುವೂ ನರವೂ ಎಳೆದುಹೋಗುತ್ತವೆ. ಒಮ್ಮೆ ದುರಸ್ತಿಯಾದ ಜಾಗ ಆ ಎಳೆತವನ್ನು ಎಷ್ಟು ತಾಳೀತು? ಈಗಾಗಲೇ ತೊಂದರೆ ಇರುವವರ ಹತ್ತಿರ, ಪರೀಕ್ಷೆಯಲ್ಲಿ ಕೊರತೆ ಕಂಡವರ ಹತ್ತಿರ ಸಿಸೇರಿಯನ್ ಬಗ್ಗೆ ಮಾತಾಡಬೇಕು ಅಂತ ಆ ಮಾರ್ಗಸೂಚಿಯೇ ಹೇಳುವುದು ಇದಕ್ಕಾಗಿ.

ನನ್ನ ಗಂಡನದು ಶುರುವಿನಿಂದಲೂ ಒಂದೇ ಮಾತು, ಸಿಸೇರಿಯನ್. ಅವತ್ತು ಅವನು ತಲೆಯ ಹತ್ತಿರ ನಿಂತಿದ್ದ. ನಾನು ನೋಡದ ರಕ್ತವನ್ನು ಅವನು ನೋಡಿದ್ದಾನೆ. ನನ್ನ ಅಕ್ಕ ಇದಕ್ಕೆ ತದ್ವಿರುದ್ಧ: ‘ಎರಡನೆಯದು ತಾನಾಗೇ ಜಾರಿ ಬರುತ್ತೆ, ಸುಮ್ನೆ ಹೆದರಬೇಡ.’ ಎರಡನೇ ಹೆರಿಗೆ ಸಾಮಾನ್ಯವಾಗಿ ಬೇಗ ಆಗುತ್ತದೆ, ಅದು ನಿಜ. ಆದರೆ ಅಕ್ಕನಿಗೆ ಆದ ಹೊಲಿಗೆ ಬೇರೆ, ನನ್ನದು ಬೇರೆ. ಇಬ್ಬರ ಮಾತೂ ಪ್ರೀತಿಯಿಂದಲೇ ಬಂದದ್ದು. ಆದರೂ ಇಬ್ಬರಿಗೂ ಆ ಉಂಗುರಗಳ ಸುದ್ದಿ ಗೊತ್ತಿರಲಿಲ್ಲ. ಗಂಡನನ್ನು ಮುಂದಿನ ಭೇಟಿಗೆ ಜೊತೆಯಲ್ಲೇ ಕರೆದುಕೊಂಡು ಹೋದೆ. ಅವನು ಕೇಳಿದ ಪ್ರಶ್ನೆಗಳು ನನ್ನವಕ್ಕಿಂತ ಚೆನ್ನಾಗಿದ್ದವು.

ಸಿಸೇರಿಯನ್ ಮಾಡಿಸಿದರೆ ಸ್ನಾಯುವಿಗೆ ಹೊಸ ಪೆಟ್ಟು ಬೀಳುವುದಿಲ್ಲ. ಆದರೆ ಹಳೆಯ ಪೆಟ್ಟು ಅದರಿಂದ ವಾಸಿಯಾಗುವುದೂ ಇಲ್ಲ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ತೊಂದರೆ ಪುನಃ ತಲೆ ಎತ್ತಬಹುದು, ಯಾವ ರೀತಿ ಹೆತ್ತಿದ್ದರೂ ಸರಿ. ಜೊತೆಗೆ ಅದು ಹೊಟ್ಟೆಯ ದೊಡ್ಡ ಆಪರೇಷನ್. ರಕ್ತಸ್ರಾವ, ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಇವೆಲ್ಲ ಅದರ ಜೊತೆ ಬರುವ ಅಪಾಯಗಳು. ಮುಂದೆ ಮತ್ತೊಂದು ಮಗು ಬೇಕೆನ್ನುವವರಿಗೆ ಹಳೆಯ ಗಾಯದ ಜಾಗದಲ್ಲಿ ಮಾಸು ಗಟ್ಟಿಯಾಗಿ ಅಂಟಿಕೊಳ್ಳುವ ಅಪಾಯವೂ ಇದೆ. ಪ್ರತಿ ಸಿಸೇರಿಯನ್ನಿಗೂ ಅದು ಏರುತ್ತದೆ. ನಮಗೆ ಎರಡೇ ಮಕ್ಕಳು ಸಾಕು, ಹಾಗಾಗಿ ಅದು ನನಗೆ ದೊಡ್ಡ ತೂಕದ ವಿಷಯ ಆಗಲಿಲ್ಲ. ದೊಡ್ಡ ಮಗುವನ್ನು ವಾರಗಟ್ಟಲೆ ಎತ್ತಿಕೊಳ್ಳುವ ಹಾಗಿಲ್ಲ ಅನ್ನುವುದು ತೂಕದ ವಿಷಯವಾಯಿತು.

ಪರೀಕ್ಷೆ ಚೆನ್ನಾಗಿ ಬಂದರೂ ‘ನನಗೆ ಪುನಃ ಆ ಕೋಣೆಗೆ ಹೋಗಲು ಆಗುವುದಿಲ್ಲ’ ಅನ್ನುವವರು ಇರುತ್ತಾರೆ. ಅದು ಕಾರಣವೇ ಅಲ್ಲ ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ನನಗೂ ಕೆಟ್ಟ ಕನಸುಗಳು ಬೀಳುತ್ತಿದ್ದವು. ಡಾಕ್ಟರಿಗೆ ಹೇಳಿದೆ, ಅವರು ಅದನ್ನೂ ಫೈಲಿನಲ್ಲಿ ಬರೆದುಕೊಂಡರು, ಹೆರಿಗೆಯ ಭಯಕ್ಕೆಂದೇ ಸಲಹೆ ಕೊಡುವವರ ಹತ್ತಿರ ಕಳಿಸಿದರು. ನನಗೆ ಅದು ಉಪಯೋಗವಾಯಿತು. ನಾಲ್ಕನೇ ಡಿಗ್ರಿ ಹರಿದಿದ್ದ ಗೆಳತಿಯೊಬ್ಬಳು ಸಿಸೇರಿಯನ್ ಆರಿಸಿಕೊಂಡಳು. ಅವಳಿಗೆ ಅದೇ ಸರಿ. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ನಾನು ಈ ಸಲವೂ ಯೋನಿಯ ಮೂಲಕವೇ ಹೆರಲು ಪ್ರಯತ್ನ ಮಾಡುತ್ತೇನೆ. ಆದರೆ ಷರತ್ತುಗಳ ಜೊತೆ. ಅವನ್ನೆಲ್ಲ ಡಾಕ್ಟರ ಜೊತೆ ಕೂತು ಒಂದು ಹಾಳೆಯಲ್ಲಿ ಬರೆಸಿದ್ದೇನೆ.

ಅತಿ ದೊಡ್ಡ ಷರತ್ತು ಫೋರ್ಸೆಪ್ಸ್ ಬಗ್ಗೆ. ತಲೆ ಮೇಲೇ ನಿಂತುಬಿಟ್ಟರೆ, ತಿರುಗದಿದ್ದರೆ, ಬಹಳ ಹೊತ್ತು ಎಳೆಯದೆ ಸಿಸೇರಿಯನ್ ಬಗ್ಗೆ ಬೇಗ ತೀರ್ಮಾನ ಮಾಡಬೇಕು. ಸಾಧನ ಬಳಸಲೇಬೇಕಾದರೆ ವ್ಯಾಕ್ಯೂಮ್, ಅಂದರೆ ಮಗುವಿನ ತಲೆಗೆ ಬಟ್ಟಲಿನಂಥದ್ದನ್ನು ಅಂಟಿಸಿ ಎಳೆಯುವುದು, ಆಗುತ್ತದಾ ಅಂತ ಮೊದಲು ನೋಡಬೇಕು. ಫೋರ್ಸೆಪ್ಸ್‌ಗೆ ಹೋಲಿಸಿದರೆ ಅದರಲ್ಲಿ ಈ ಸ್ನಾಯು ಹರಿಯುವುದು ಕಡಿಮೆ. ಡಾಕ್ಟರು ಇದಕ್ಕೆ ಒಪ್ಪಿದರು, ಆದರೆ ಒಂದು ಮಾತನ್ನು ನೇರವಾಗಿ ಹೇಳಿದರು. ಗರ್ಭಕೋಶದ ಬಾಯಿ ಪೂರ್ತಿ ತೆರೆದು ಮಗುವಿನ ತಲೆ ಕೆಳಗೆ ಬಂದ ಮೇಲೆ ಸಿಸೇರಿಯನ್ ಸುಲಭ ಅಲ್ಲ. ಮಗುವಿನ ಎದೆಬಡಿತ ಕುಸಿದರೆ ಫೋರ್ಸೆಪ್ಸೇ ಬೇಗ ಮುಟ್ಟಿಸುವ ದಾರಿ ಆಗಬಹುದು. ಹಾಗಾದರೆ ಹಾಕಿ ಎಂದೆ. ಅದನ್ನೂ ಬರೆಸಿದೆ.

ತಲೆ ಹೊರಬರುವ ಹೊತ್ತು ನಿಧಾನವಾಗಿರಬೇಕು. ಆಗ ಮುಕ್ಕಬಾರದು, ಸಣ್ಣ ಸಣ್ಣ ಉಸಿರು ಬಿಡಬೇಕು. ಸೂಲಗಿತ್ತಿಯೋ ಡಾಕ್ಟರೋ ಕೈ ಕೊಟ್ಟು ತಲೆಯ ವೇಗ ತಡೆದು, ಕೆಳಗಿನ ಭಾಗಕ್ಕೆ ಆಧಾರ ಕೊಡಬೇಕು. ಮುಕ್ಕುವ ಹಂತದಲ್ಲಿ ಬಿಸಿನೀರಿನ ಬಟ್ಟೆ ಒತ್ತಿ ಹಿಡಿಯಬೇಕು. ಇಷ್ಟು ಸರಳವಾದ ಕೆಲಸದಿಂದ ತೀವ್ರವಾಗಿ ಹರಿಯುವುದು ಕಡಿಮೆಯಾಗುತ್ತದೆ ಅಂತ ಅಧ್ಯಯನಗಳು ತೋರಿಸಿವೆ. ನನಗೆ ಆಶ್ಚರ್ಯ ಆಗಿತ್ತು. ಹಿಂದೆ ಹರಿದಿದೆ ಅನ್ನುವ ಒಂದೇ ಕಾರಣಕ್ಕೆ, ದಾರಿ ಅಗಲ ಮಾಡಲೆಂದು ಯೋನಿಯ ಬಾಯಿಯನ್ನು ಮುಂಚಿತವಾಗಿ ಕೊಯ್ಯುವುದು ಬೇಡ. ಬೇಕೇ ಆದರೆ, ತಲೆ ಬಂದು ಚರ್ಮ ಹಿಗ್ಗಿದಾಗ, ನಡುಗೆರೆಯಿಂದ 60 ಡಿಗ್ರಿ ಓರೆಯಾಗಿ ಕೊಯ್ಯಬೇಕು. ನೇರ ಕೆಳಕ್ಕೆ ಕೊಯ್ದರೆ ಅದು ಮಲದ್ವಾರದ ಕಡೆಗೇ ಹೋಗುತ್ತದೆ.

ಹೆರಿಗೆ ಆದ ಮೇಲೆ ಮೇಲ್ನೋಟಕ್ಕೆ ಏನೂ ಕಾಣದಿದ್ದರೂ, ಒಳ್ಳೆಯ ಬೆಳಕಿನಲ್ಲಿ ಮಲದ್ವಾರಕ್ಕೂ ಬೆರಳು ಹಾಕಿ ಪರೀಕ್ಷೆ ಮಾಡಬೇಕು. ಹರಿದಿದ್ದರೆ ಥಿಯೇಟರಿನಲ್ಲೇ, ಅನುಭವ ಇರುವವರೇ ಹೊಲಿಯಬೇಕು. ಆಂಟಿಬಯಾಟಿಕ್, ಮಲ ಮೆತ್ತಗಾಗಲು ಔಷಧಿ, ಫಿಸಿಯೋಥೆರಪಿ ಕೊಡಬೇಕು. 6ರಿಂದ 12 ವಾರದೊಳಗೆ ಪುನಃ ಕರೆದು ನೋಡಬೇಕು. ಈ ಸಲ ಡಿಗ್ರಿಯನ್ನು ಡಿಸ್ಚಾರ್ಜ್ ಕಾಗದದಲ್ಲಿ ಬರೆಯಬೇಕು ಅನ್ನುವ ಸಾಲಿನ ಕೆಳಗೆ ಗೆರೆ ಎಳೆಸಿದ್ದೇನೆ.

ಮನಸ್ಸು ಬದಲಾಯಿಸುವ ಕಾರಣಗಳೂ ಹಾಳೆಯಲ್ಲೇ ಇವೆ. ಕೊನೆಯ ವಾರಗಳಲ್ಲಿ ಸೋರುವುದು, ತಡೆಯಲಾಗದಿರುವುದು ಶುರುವಾದರೆ ಸಿಸೇರಿಯನ್. ಮಗು 4 ಕೆಜಿ ದಾಟುವ ಹಾಗೆ ಕಂಡರೆ ಕೂತು ಮತ್ತೆ ಮಾತು. ಸ್ಕ್ಯಾನಿನಲ್ಲಿ ಹೇಳುವ ತೂಕ ಶೇಕಡಾ 10, 15ರಷ್ಟು ಆಚೀಚೆ ಆಗಬಹುದು, ಹಾಗಾಗಿ ಅದೊಂದನ್ನೇ ನಂಬಿ ಹೆದರುವುದಿಲ್ಲ. ನನಗೇ ಬೇಡ ಅನ್ನಿಸಿದರೂ ಸಿಸೇರಿಯನ್. ಅದಕ್ಕೆ ಕಾರಣ ಹೇಳಬೇಕಾಗಿಲ್ಲ.

ಸದ್ಯಕ್ಕೆ ದಿನಾ ಸ್ನಾಯುವಿನ ವ್ಯಾಯಾಮ ಮಾಡುತ್ತಿದ್ದೇನೆ. 35ನೇ ವಾರದಿಂದ ಯೋನಿಯ ಕೆಳಭಾಗಕ್ಕೆ ಮಸಾಜ್ ಶುರು ಮಾಡಬೇಕು. ಅದರ ಲಾಭ ಹೆಚ್ಚಾಗಿ ಕಂಡಿರುವುದು ಮೊದಲ ಹೆರಿಗೆಯವರಲ್ಲಿ, ಆದರೆ ಹಿಂದೆ ಹೆತ್ತವರಿಗೆ ಆಮೇಲಿನ ನೋವು ಕಡಿಮೆಯಾಗಬಹುದು. ಹಳೆಯ ಕಲೆಯ ಜಾಗವನ್ನು ನನ್ನ ಕೈಯಿಂದಲೇ ಮುಟ್ಟಿ ಅಭ್ಯಾಸ ಮಾಡಿಕೊಳ್ಳುವುದೂ ನನಗೆ ಬೇಕಾಗಿದೆ.

ಹಾಳೆಯ ಒಂದು ಪ್ರತಿ ಆಸ್ಪತ್ರೆಯ ಫೈಲಿನಲ್ಲಿದೆ, ಒಂದು ನನ್ನ ಚೀಲದಲ್ಲಿ, ಒಂದು ಗಂಡನ ಫೋನಿನಲ್ಲಿ. ನೋವು ಏರಿದಾಗ ನನಗೆ ಮಾತು ಹೊರಡುವುದಿಲ್ಲ ಅಂತ ಮೊದಲ ಸಲವೇ ಗೊತ್ತಾಗಿದೆ. ಹಾಗಾಗಿ ಬಾಗಿಲಲ್ಲಿ ಹೇಳಬೇಕಾದ ಮಾತನ್ನು ಅವನು ಬಾಯಿಪಾಠ ಮಾಡಿದ್ದಾನೆ: ‘ಹಿಂದಿನ ಹೆರಿಗೆಯಲ್ಲಿ 3ಬಿ ಹರಿದಿತ್ತು, ಪ್ಲಾನ್ ಫೈಲಿನ ಮೊದಲ ಪುಟದಲ್ಲಿದೆ, ಹಿರಿಯ ಡಾಕ್ಟರನ್ನು ಈಗಲೇ ಕರೆಯಿರಿ.’