ಬಿಲ್ಲಿಂಗ್ ವಿಭಾಗಕ್ಕೆ ಹೋದ ಪೇ ಸ್ಲಿಪ್

ತಿಂಗಳ ಮೊದಲ ದಿನ ಬೆಳಿಗ್ಗೆ ಹತ್ತೂವರೆಗೆ ಬಿಲ್ಲಿಂಗ್ ವಿಭಾಗದ ಮೇಡಂ ಒಬ್ಬರು ಫೋನ್ ಮಾಡಿದರು. "ಸರ್, ನಮ್ಮ ಇನ್‌ಬಾಕ್ಸಿಗೆ ಯಾರದೋ ಪೇ ಸ್ಲಿಪ್ ಬಂದು ಬಿದ್ದಿದೆ. ನಾನು ತೆರೆದು ನೋಡಿಲ್ಲ." ಕೊನೆಯ ಮಾತನ್ನು ಅವರು ಎರಡು ಸಲ ಹೇಳಿದರು.

ಕೆಲಸ ಬಿಟ್ಟು ಹೋದ ಒಬ್ಬರ ಕೊನೆಯ ತಿಂಗಳ ಪೇ ಸ್ಲಿಪ್ ಅದು. ಅವರ ವಿಳಾಸ ಅಷ್ಟರಲ್ಲಿ ಮುಚ್ಚಿತ್ತು. ಇಮೇಲ್ ತಲುಪದೆ, ಲಗತ್ತಿನ ಸಮೇತ ಹಿಂದಕ್ಕೆ ಬಂದಿತ್ತು. ಬೌನ್ಸ್ ಆಗುವುದು ದಿನನಿತ್ಯದ ಸಂಗತಿ. ಆದರೆ ಸಂಬಳ ವಿಭಾಗದಿಂದ ಹೊರಟದ್ದು ಬಿಲ್ಲಿಂಗ್ ವಿಭಾಗಕ್ಕೆ ಏಕೆ ಮರಳಬೇಕು?

ನನ್ನ ಮೊದಲ ಉಪಾಯ ನಾಚಿಕೆ ಪಡುವಂಥದ್ದು. ನಮ್ಮ ತಂತ್ರಾಂಶಗಳೆಲ್ಲ ಓಡುವ ಟಾಮ್‌ಕ್ಯಾಟ್ ಸರ್ವರನ್ನು ನಿಲ್ಲಿಸಿ ಮತ್ತೆ ಶುರು ಮಾಡಿದೆ. ಸಂಬಳದ ತಂತ್ರಾಂಶದಿಂದ ಒಂದು ಇಮೇಲ್ ಕಳಿಸಿ ನೋಡಿದರೆ, ಅದು ಸರಿಯಾದ ದಾರಿಯಲ್ಲೇ ಹೋಯಿತು. "ಸರಿಹೋಗಿದೆ" ಎಂದು ಎಲ್ಲರಿಗೂ ತಿಳಿಸಿ ಕಾಫಿಗೆ ಹೋದೆ. ಮಧ್ಯಾಹ್ನ ಬೇರೆ ಯಾವುದೋ ಕೆಲಸಕ್ಕೆ ಸಹೋದ್ಯೋಗಿಯೊಬ್ಬರು ಮತ್ತೊಮ್ಮೆ ಸರ್ವರ್ ಶುರು ಮಾಡಿದರು. ರೋಗ ಹಾಗೆಯೇ ಮರಳಿ ಬಂತು.

ಸ್ವಲ್ಪ ಹಿನ್ನೆಲೆ ಹೇಳಬೇಕು. ನಮ್ಮಲ್ಲಿ ಇಮೇಲ್ ಕಳಿಸುವ ಕೆಲಸಕ್ಕೆಂದೇ ಒಂದು ಜಾವಾ ಲೈಬ್ರರಿ ಇದೆ, ಅಂದರೆ ಹಲವು ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡ್. ಬರೆದವನು ನಾನೇ. ಎರಡು ವರ್ಷ ಪ್ರತಿ ತಂತ್ರಾಂಶವೂ ಅದರ ಒಂದೊಂದು ಪ್ರತಿಯನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡಿತ್ತು. ಒಂದೇ ಜಾರ್ ಕಡತ (ಜಾವಾ ಕೋಡಿನ ಗಂಟು) ಹತ್ತು ಕಡೆ ಏಕೆ ಎಂದು, ನಮ್ಮ ಲೈಬ್ರರಿಯನ್ನೂ ಅದಕ್ಕೆ ಬೇಕಾದ, ಜಾವಾಮೇಲ್ ಎಂಬ ಸಿದ್ಧ ಇಮೇಲ್ ಲೈಬ್ರರಿಯ ಜಾರನ್ನೂ ಎತ್ತಿ ಟಾಮ್‌ಕ್ಯಾಟಿನ ಸಾಮಾನ್ಯ ಲಿಬ್ ಫೋಲ್ಡರಿಗೆ ಹಾಕಿದೆವು. ಜಾಗ ಉಳಿಯಿತು, ಸಭೆಯಲ್ಲಿ ಶಹಬ್ಬಾಸ್ ಕೂಡ ಸಿಕ್ಕಿತು.

ಜಾವಾಮೇಲ್‌ನಲ್ಲಿ ಇಮೇಲ್ ಕಳಿಸುವ ಮುನ್ನ ಒಂದು ಸೆಷನ್ ಬೇಕು. ಯಾವ ಎಸ್‌ಎಂಟಿಪಿ ಸರ್ವರ್ (ಇಮೇಲ್ ಸಾಗಿಸುವ ಸರ್ವರ್), ಅದರ ಯಾವ ಪೋರ್ಟ್ (ಬಾಗಿಲಿನ ಸಂಖ್ಯೆ), ಯಾರ ಹೆಸರು ಮತ್ತು ಪಾಸ್‌ವರ್ಡ್ ಎಂಬುದೆಲ್ಲ ಅದರಲ್ಲಿರುತ್ತದೆ. ಅದನ್ನು ಪಡೆಯಲು ಎರಡು ದಾರಿಗಳಿವೆ: ಗೆಟ್‌ಇನ್‌ಸ್ಟೆನ್ಸ್ ಮತ್ತು ಗೆಟ್‌ಡಿಫಾಲ್ಟ್‌ಇನ್‌ಸ್ಟೆನ್ಸ್. ಮೊದಲನೆಯದು ಕೇಳಿದಾಗಲೆಲ್ಲ ಹೊಸ ಸೆಷನ್ ಕೊಡುತ್ತದೆ. ಎರಡನೆಯದು ಮೊದಲ ಸಲ ಕೇಳಿದವರ ವಿವರಗಳಿಂದ ಒಂದು ಸೆಷನ್ ಕಟ್ಟಿಟ್ಟುಕೊಂಡು, ಆಮೇಲೆ ಯಾರು ಯಾವ ವಿವರ ಕೊಟ್ಟರೂ ಅದನ್ನು ಕಡೆಗಣಿಸಿ ಹಳೆಯದನ್ನೇ ಕೈಗಿಡುತ್ತದೆ. ಹೀಗೆಂದು ಅದರ ದಾಖಲೆಯಲ್ಲಿ ಸ್ಪಷ್ಟವಾಗಿ ಬರೆದಿದೆ. ನಾನು ಓದಿರಲಿಲ್ಲ. ಡಿಫಾಲ್ಟ್ ಎಂಬ ಪದ ಕಂಡು, ಸಾಮಾನ್ಯವಾಗಿ ಬಳಸಬೇಕಾದದ್ದು ಇದೇ ಇರಬೇಕು ಎಂದುಕೊಂಡು ಅದನ್ನೇ ಬಳಸಿದ್ದೆ.

ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವ ಹಾಗೆ, ಮೊದಲು ಹಾಕಿದವನದೇ ಸೀಟು. ವ್ಯತ್ಯಾಸ ಇಷ್ಟೇ: ಇಲ್ಲಿ ಎರಡನೆಯವನನ್ನು ಯಾರೂ ಕೆಳಗಿಳಿಸುವುದಿಲ್ಲ, ಅವನ ಟಿಕೆಟ್ಟನ್ನು ನೋಡುವುದೂ ಇಲ್ಲ, ಸುಮ್ಮನೆ ಮೊದಲನೆಯವನ ಊರಿಗೆ ಕರೆದೊಯ್ಯುತ್ತಾರೆ.

ಜಾರ್ ತಂತಮ್ಮ ಮಡಿಲಲ್ಲಿದ್ದಾಗ ಪ್ರತಿ ತಂತ್ರಾಂಶಕ್ಕೂ ಅದರದೇ ಕ್ಲಾಸ್‌ಲೋಡರ್ (ಜಾರಿನ ಕೋಡನ್ನು ಮೆಮೊರಿಗೆ ತರುವ ಭಾಗ), ಅದರದೇ ಡಿಫಾಲ್ಟ್ ಸೆಷನ್. ಹಾಗಾಗಿ ನನ್ನ ತಪ್ಪು ಎರಡು ವರ್ಷ ಬೆಚ್ಚಗೆ ಮಲಗಿತ್ತು. ಸಾಮಾನ್ಯ ಫೋಲ್ಡರಿಗೆ ಬಂದ ಮೇಲೆ ಎಲ್ಲರಿಗೂ ಸೇರಿ ಒಂದೇ ಸೆಷನ್. ಬೆಳಗಿನ ಜಾವ ಬಿಲ್ ನೆನಪೋಲೆಗಳು ಮೊದಲು ಹೊರಟರೆ, ಪೇ ಸ್ಲಿಪ್‌ಗಳೂ ಬಿಲ್ಲಿಂಗ್ ವಿಭಾಗದ ಸರ್ವರಿನಿಂದ, ಬಿಲ್ಲಿಂಗ್ ಪಾಸ್‌ವರ್ಡಿನಿಂದಲೇ ಹೋಗುತ್ತಿದ್ದವು. ದೃಢೀಕರಣದ ಕ್ಲಾಸ್ (ಹೆಸರು, ಪಾಸ್‌ವರ್ಡ್ ಒಪ್ಪಿಸುವ ಕೋಡಿನ ತುಣುಕು) ಬೇರೆ ಕ್ಲಾಸ್‌ಲೋಡರಿನಿಂದ ಬಂದಿದ್ದರೆ ಜಾವಾಮೇಲ್ ಅನುಮತಿ ನಿರಾಕರಿಸಿ ಕೂಗಿಕೊಳ್ಳುತ್ತಿತ್ತು. ನಾನು ಆ ಕ್ಲಾಸನ್ನೂ ಅದೇ ಜಾರಿನೊಳಗೆ ಇಟ್ಟಿದ್ದೆ. ಕಾವಲು ನಾಯಿಯ ಬಾಯಿಗೆ ನಾನೇ ಬಟ್ಟೆ ತುರುಕಿದಂತಾಯಿತು.

ಇಷ್ಟಾದರೂ ಯಾರಿಗೂ ಅನುಮಾನ ಬರದಿದ್ದುದಕ್ಕೆ ಕಾರಣ, ಇಮೇಲಿಗೂ ಅಂಚೆಯಂತೆ ಒಳಗಿನ ಕಾಗದ ಬೇರೆ, ಹೊರಗಿನ ಲಕೋಟೆ ಬೇರೆ. ಓದುವವರಿಗೆ ಕಾಣುವ ಕಳುಹಿಸಿದವರ ವಿಳಾಸ ಕಾಗದದ ಮೇಲಿನದು. ಅದು ಸಂಬಳ ವಿಭಾಗದ್ದೇ ಆಗಿತ್ತು. ತಲುಪದಿದ್ದರೆ ಹಿಂದಿರುಗಬೇಕಾದ ವಿಳಾಸ ಲಕೋಟೆಯ ಮೇಲಿನದು. ಅದನ್ನು ಸೆಷನ್ನಿನ ವಿವರಗಳಲ್ಲಿ ಬರೆದಿಟ್ಟರೆ ಅದೇ ಲಕೋಟೆಗೆ ಅಂಟುತ್ತದೆ. ಬಿಲ್ಲಿಂಗ್ ತಂಡ ಅಲ್ಲಿ ತನ್ನ ಇನ್‌ಬಾಕ್ಸಿನ ವಿಳಾಸ ಬರೆದಿತ್ತು. ತಲುಪಿದ ಪತ್ರದ ಲಕೋಟೆಯನ್ನು ಯಾರೂ ನೋಡುವುದಿಲ್ಲ. ತಲುಪದ ಒಂದೇ ಒಂದು ಪತ್ರ ಗುಟ್ಟು ಬಿಟ್ಟುಕೊಟ್ಟಿತು. ಹಳೆಯ ಲಾಗ್ ತೆಗೆದು ನೋಡಿದರೆ, ಹಿಂದಿನ ತಿಂಗಳು ಉಲ್ಟಾ ಆಗಿತ್ತು. ಬಿಲ್ ನೆನಪೋಲೆಗಳೆಲ್ಲ ಸಂಬಳ ವಿಭಾಗದ ಸರ್ವರಿನಿಂದ ಹೋಗಿದ್ದವು. ಗ್ರಾಹಕರು ಹಣ ಕಟ್ಟಿದ್ದರು, ಯಾರಿಗೂ ಚಿಂತೆ ಇರಲಿಲ್ಲ.

ತಿದ್ದುಪಡಿ ಒಂದೇ ಸಾಲಿನದು, ಗೆಟ್‌ಇನ್‌ಸ್ಟೆನ್ಸ್ ಎಂದು ಬದಲಿಸಿದ್ದು. ಆದರೆ ಆ ಸಾಲಿನ ನೆಪದಲ್ಲಿ ಇಡೀ ಕಡತ ಓದಿದಾಗ ಇನ್ನಷ್ಟು ಹುಳುಕು ಕಂಡಿತು. ಸರ್ವರಿನ ಹೆಸರು ಕೊಡದಿದ್ದರೆ ಲೈಬ್ರರಿಯೇ ಒಂದು ಹೆಸರನ್ನು ಊಹಿಸಿಕೊಳ್ಳುತ್ತಿತ್ತು. ಈಗ ಹೆಸರಿಲ್ಲದಿದ್ದರೆ ತಂತ್ರಾಂಶ ಶುರುವಾಗುವುದೇ ಇಲ್ಲ. ಕಾಯುವ ಮಿತಿಯನ್ನು ನಾನು ಎಲ್ಲೂ ಬರೆದಿರಲಿಲ್ಲ. ಬರೆಯದಿದ್ದರೆ ಜಾವಾಮೇಲ್ ಅನಂತಕಾಲ ಕಾಯುತ್ತದೆ. ಸಂಪರ್ಕಕ್ಕೂ ಓದುವುದಕ್ಕೂ ತಲಾ 10 ಸೆಕೆಂಡು ಇಟ್ಟೆ, ಅಂದರೆ 10000. ಅಲ್ಲಿ ಲೆಕ್ಕ ಮಿಲಿಸೆಕೆಂಡಿನಲ್ಲಿ. 587ನೇ ಪೋರ್ಟಿನಲ್ಲಿ ಸ್ಟಾರ್ಟ್‌ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿಗೆ ಬದಲಿಸುವ ವಿಧಾನ) ಬಳಸು ಎಂದಷ್ಟೇ ಹೇಳಿದ್ದೆ. ಎದುರಿನ ಸರ್ವರ್ ಒಪ್ಪದಿದ್ದರೆ ಪತ್ರ ಗೂಢಲಿಪಿಯಿಲ್ಲದೆ ಬರಿಮೈಯಲ್ಲೇ ಹೋಗುತ್ತಿತ್ತು. ಅದು ಕಡ್ಡಾಯ ಎನ್ನಲು ಬೇರೆಯದೇ ಒಂದು ಗುಂಡಿ ಇದೆ, ಅದನ್ನೂ ಒತ್ತಿದೆ.

ನಮ್ಮ ಪರೀಕ್ಷೆಗಳು ಇದನ್ನು ಹಿಡಿಯಲಿಲ್ಲ ಏಕೆಂದರೆ ಪರೀಕ್ಷಾ ಸರ್ವರಿನಲ್ಲಿ ಒಂದಕ್ಕೆ ಒಂದೇ ತಂತ್ರಾಂಶ ಇರುತ್ತಿತ್ತು. ಒಂಟಿ ಪ್ರಯಾಣಿಕನಿಗೆ ಸೀಟಿನ ಜಗಳ ಎಲ್ಲಿಂದ ಬರಬೇಕು? ಈಗ ಗ್ರೀನ್‌ಮೇಲ್ ಎಂಬ ಪರೀಕ್ಷಾ ಸರ್ವರನ್ನು 3025 ಮತ್ತು 3026ನೇ ಪೋರ್ಟುಗಳಲ್ಲಿ ಜೋಡಿಯಾಗಿ ಎಬ್ಬಿಸಿ, ಒಂದೇ ಜಾವಾ ಪ್ರಕ್ರಿಯೆಯಿಂದ ಎರಡಕ್ಕೂ ಪತ್ರ ಕಳಿಸಿ, ಯಾವುದು ಎಲ್ಲಿ ಬಿತ್ತು ಎಂದು ನೋಡುತ್ತೇವೆ. ಹಳೆಯ ಸಾಲನ್ನು ವಾಪಸ್ ಹಾಕಿ ಓಡಿಸಿದೆ. ಎರಡೂ ಪತ್ರಗಳು 3025ರಲ್ಲೇ ಬಿದ್ದವು, ಪರೀಕ್ಷೆ ಕೆಂಪಾಯಿತು, ಅಂದರೆ ತಪ್ಪನ್ನು ಹಿಡಿಯಿತು. ಆ ಕೆಂಪು ಕಂಡು ಅಷ್ಟು ಸಮಾಧಾನವಾದದ್ದು ಅದೇ ಮೊದಲು.

ಪೇ ಸ್ಲಿಪ್‌ನ ಯಜಮಾನರಿಗೆ ಫೋನಿನಲ್ಲಿ ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆ. ಅವರು ನಕ್ಕು, "ನೋಡಿದವರಿಗೇ ಬೇಸರವಾಗಿರಬೇಕು ಬಿಡಿ" ಎಂದರು.

ಮುಂದಿನ ತಿಂಗಳ ಒಂದನೇ ತಾರೀಖು ಬಿಲ್ಲಿಂಗ್ ವಿಭಾಗದ ಮೇಡಂ ಮತ್ತೆ ಫೋನ್ ಮಾಡಿದರು. "ಸರ್, ಈ ಸಲ ಏನೂ ಬಂದಿಲ್ಲ." ದನಿಯಲ್ಲಿ ಸಣ್ಣ ನಿರಾಸೆ ಇತ್ತೆಂದು ನನಗೆ ಈಗಲೂ ಗುಮಾನಿ.