ಒಂದು ಸೊನ್ನಿ ಎಲ್ಲಿ ಹೋತು?

"ನೋಡಪಾ, ನಾ ಕೊಟ್ಟಿದ್ದು ಮೂರು ಸಾವಿರದ ನಾಕ್ನೂರು. ನಿನ್ನ ಮೊಬೈಲು ಮುನ್ನೂರಾ ನಲವತ್ತು ಅಂತದ. ಒಂದು ಸೊನ್ನಿ ಎಲ್ಲಿ ಹೋತು?"

ಎಸ್‌ಬಿಐ ಶೇರಿನ ಬೆಲೆ ಬಗ್ಗೆ ಮಾವ ಹೀಗೆ ಕೇಳಿದ್ದು ಕಲಬುರಗಿಯ ನೆಹರು ಗಂಜಿನಲ್ಲಿರುವ ತಮ್ಮ ಅಡತಿ ಅಂಗಡಿಯಲ್ಲಿ. 2025ರ ಜೂನ್, ಕಾರಹುಣ್ಣಿಮೆ ಮುಗಿದ ವಾರ. ಭಾನುವಾರವಾದ್ದರಿಂದ ಗಂಜಿನಲ್ಲಿ ಸದ್ದಿಲ್ಲ. ಅರ್ಧ ಶಟರ್ ಎತ್ತಿಕೊಂಡು ಗಾದಿಯ ಮೇಲೆ ಕೂತಿದ್ದೆವು. ನಡುವೆ ಒಂದು ಹಳೇ ಫೈಲು, ಒಂದು ಪ್ಲೇಟ್ ಮಿರ್ಚಿ ಭಜಿ.

ಮಾವನಿಗೆ ಮನೆಯ ಮೇಲೆ ಎರಡು ಕೋಣೆ ಹಾಕಿಸಬೇಕಿತ್ತು. ಅದಕ್ಕೆ ಎಸ್‌ಬಿಐ ಶೇರು ಮಾರೋಣ ಅಂತ ಯೋಚನೆ. ಮಾರುವ ಮೊದಲೇ, ತೆರಿಗೆ ಎಷ್ಟು ಬೀಳುತ್ತದೆ ಅಂತ ಆಡಿಟರ್ ಹತ್ತಿರ ಹೋಗಿ ಕೇಳಿದ್ದರು. ಆತ ಒಂದು ಚೀಟಿಯಲ್ಲಿ ಎರಡು ಸಾಲು ಬರೆದುಕೊಟ್ಟಿದ್ದ. ಕೊಂಡ ದಿನ ಮತ್ತು ಬೆಲೆ ಒಂದು. 2018ರ ಜನವರಿ 31ರ ಅತಿ ಹೆಚ್ಚಿನ ಬೆಲೆ ಇನ್ನೊಂದು. ಚೀಟಿ ನನ್ನ ಕೈಗೆ ಬಂತು.

ಮೊದಲನೆಯದಕ್ಕೆ ಮಾವನ ಹತ್ತಿರ ಗಟ್ಟಿ ಪುರಾವೆಯೇ ಇತ್ತು. 2010ರ ದೀಪಾವಳಿ ವಾರದ ಕಾಂಟ್ರ್ಯಾಕ್ಟ್ ನೋಟ್, ಅಂದರೆ ಶೇರು ಕೊಂಡದ್ದಕ್ಕೆ ಬ್ರೋಕರ್ ಕೊಟ್ಟ ಚೀಟಿ. 20 ಶೇರು, ತಲಾ 3,400 ರೂಪಾಯಿ, ಒಟ್ಟು 68,000. ಆ ದೀಪಾವಳಿಯ ಮುಹೂರ್ತ ವಹಿವಾಟಿನಲ್ಲಿ, ಅಂದರೆ ಹಬ್ಬದ ದಿನ ಶುಭ ಗಳಿಗೆಗೆ ಪೇಟೆ ತೆರೆದಾಗ, ಸೆನ್ಸೆಕ್ಸ್ 21,000 ದಾಟಿತ್ತು. ಎಲ್ಲರೂ ಕೊಳ್ಳುತ್ತಿದ್ದರು, ಲಕ್ಷ್ಮಿ ಪೂಜೆಯ ದಿನಗಳು ಬೇರೆ, ಮಾವನೂ ಕೊಂಡರು. ಕಾಗದ ಹಳದಿಯಾಗಿದ್ದರೂ ಅಂಕಿ ಸ್ಪಷ್ಟವಾಗಿತ್ತು. ಹಾಗಾಗಿಯೇ ಅವರಿಗೆ ನನ್ನ ಮೊಬೈಲಿನ ಶೇರು ಆ್ಯಪ್ ಮೇಲೆ ಸಂಶಯ. ಅದರಲ್ಲಿ 2010ರ ನವೆಂಬರ್ ಮೇಲೆ ಬೆರಳಿಟ್ಟರೆ 340ರ ಆಸುಪಾಸು ತೋರಿಸುತ್ತಿತ್ತು.

ಎರಡೂ ಸರಿಯೇ. 2014ರ ನವೆಂಬರ್‌ನಲ್ಲಿ ಎಸ್‌ಬಿಐ ತನ್ನ ಶೇರನ್ನು ಒಡೆಯಿತು. 10 ರೂಪಾಯಿ ಮುಖಬೆಲೆಯ ಒಂದು ಶೇರು 1 ರೂಪಾಯಿಯ ಹತ್ತು ಶೇರು ಆಯಿತು. ಹಿಂದಿನ ದಿನ ಮೂರು ಸಾವಿರದ ಹತ್ತಿರ ಇದ್ದ ಬೆಲೆ ಮರುದಿನ ಮುನ್ನೂರರ ಹತ್ತಿರ ಬಂತು. ಯಾರದ್ದೂ ದುಡ್ಡು ಹೋಗಲಿಲ್ಲ, ಮಾವನ 20 ಶೇರು 200 ಆದವು, ಅಷ್ಟೇ. ಗ್ರಾಫ್‌ನಲ್ಲಿ ಅದನ್ನು ಹಾಗೇ ಬಿಟ್ಟರೆ ಬೆಲೆ ಒಂದೇ ದಿನದಲ್ಲಿ ಪಾತಾಳಕ್ಕೆ ಬಿದ್ದಂತೆ ಕಾಣುತ್ತದೆ. ಅದಕ್ಕೇ ಆ್ಯಪ್‌ಗಳು ಹಿಂದಿನ ಬೆಲೆಗಳನ್ನೆಲ್ಲ ಹತ್ತರಿಂದ ಭಾಗಿಸಿ ತೋರಿಸುತ್ತವೆ.

ನಾನು ಇಷ್ಟು ಹೇಳುವಷ್ಟರಲ್ಲಿ ಮಾವ ಕೈ ಎತ್ತಿದರು. "ಕ್ವಿಂಟಲ್ ಚೀಲ ಒಡೆದು ಹತ್ತು ಕಿಲೋದ ಹತ್ತು ಚೀಲ ಮಾಡ್ಯಾರ ಅನ್ನು. ಚೀಲದ ಭಾವ ಇಳೀತು, ಮಾಲು ಅಷ್ಟೇ ಅದ." ತೊಗರಿಯಲ್ಲೇ ಜೀವನ ಕಳೆದವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಾಗಲಿಲ್ಲ.

ಆದರೆ ಇನ್ನೊಂದು ಸೈಟ್ ತೆಗೆದಾಗ ಅದೇ ದಿನಕ್ಕೆ 340ಕ್ಕಿಂತಲೂ ಕಡಿಮೆ ಬೆಲೆ ಕಂಡಿತು. ಮಾವನ ಹುಬ್ಬು ಮತ್ತೆ ಮೇಲೆ. ಕೆಲವು ಕಡೆ ಶೇರು ಒಡೆದದ್ದರ ಜೊತೆಗೆ ಆಮೇಲೆ ಕೊಟ್ಟ ಡಿವಿಡೆಂಡನ್ನೂ (ಶೇರುದಾರರಿಗೆ ಹಂಚುವ ಲಾಭದ ಪಾಲು) ಲೆಕ್ಕಕ್ಕೆ ಹಿಡಿದು ಹಳೇ ಬೆಲೆಯನ್ನು ಇನ್ನಷ್ಟು ತಗ್ಗಿಸುತ್ತಾರೆ. ಒಟ್ಟು ಎಷ್ಟು ಗಳಿಕೆ ಆಯಿತು ಅಂತ ನೋಡಲು ಅದು ಒಳ್ಳೆಯದೇ. ಆದರೆ ಆ ಬೆಲೆಗೆ ಆ ದಿನ ಯಾರೂ ಕೊಂಡಿಲ್ಲ, ಯಾರೂ ಮಾರಿಲ್ಲ. ತೆರಿಗೆ ಲೆಕ್ಕಕ್ಕೆ ಅದನ್ನು ಬರೆದರೆ ಕೆಟ್ಟಿತು. ಆಡಿಟರ್‌ಗೆ ಬೇಕಾದದ್ದು ಆ ಹಳದಿ ಕಾಗದದ 3,400. ಅದನ್ನು ಹತ್ತರಿಂದ ಭಾಗಿಸಿದರೆ ಒಂದು ಶೇರಿನ ಖರೀದಿ ಬೆಲೆ 340.

ಇನ್ನು ಜನವರಿ 31ರ ವಿಷಯ. 2018ರ ಬಜೆಟ್‌ನಲ್ಲಿ ಶೇರಿನ ದೀರ್ಘಾವಧಿ ಲಾಭದ ಮೇಲೆ, ಅಂದರೆ ವರ್ಷಕ್ಕೂ ಹೆಚ್ಚು ಇಟ್ಟುಕೊಂಡು ಮಾರಿದಾಗ ಬರುವ ಲಾಭದ ಮೇಲೆ, ತೆರಿಗೆ ವಾಪಸ್ ಬಂತು. ಅಲ್ಲಿಯವರೆಗೆ ಆದ ಲಾಭಕ್ಕೆ ತೆರಿಗೆ ಬೇಡ ಅಂತ ಒಂದು ಗೆರೆ ಎಳೆದರು. ಆ ಗೆರೆಯೇ 2018ರ ಜನವರಿ 31. ಅದಕ್ಕೆ ಮೊದಲು ಕೊಂಡ ಶೇರಾದರೆ, ನಿಜವಾಗಿ ಕೊಟ್ಟ ಬೆಲೆ ಮತ್ತು ಆ ದಿನದ ಗರಿಷ್ಠ ಬೆಲೆ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಖರೀದಿ ಬೆಲೆ ಅಂತ ಹಿಡಿಯಬಹುದು. ಆ ದಿನದ ಬೆಲೆ ಹಿಡಿದು ನಷ್ಟ ತೋರಿಸಲು ಮಾತ್ರ ಬರುವುದಿಲ್ಲ. ಬೇಕಾದದ್ದು ಗರಿಷ್ಠ ಬೆಲೆ, ದಿನದ ಮುಕ್ತಾಯದ ಬೆಲೆ ಅಲ್ಲ. ಮೊಬೈಲಿನ ಸಾದಾ ಗೆರೆ ಗ್ರಾಫ್ ತೋರಿಸುವುದು ಮುಕ್ತಾಯದ ಬೆಲೆ. ಅದಾದರೂ ಕೊನೆಯ ವಹಿವಾಟಿನ ಬೆಲೆ ಇರಲಿಕ್ಕಿಲ್ಲ, ಶೇರು ವಿನಿಮಯ ಕೇಂದ್ರವಾದ ಎನ್‌ಎಸ್‌ಇ ಆಗ ಕೊನೆಯ ಅರ್ಧ ಗಂಟೆಯ ಸರಾಸರಿಯನ್ನೇ ಮುಕ್ತಾಯ ಅಂತ ಹಾಕುತ್ತಿತ್ತು. ಹಾಗಾಗಿ ಆ್ಯಪ್ ಮುಚ್ಚಿ ನೇರ ಎನ್‌ಎಸ್‌ಇ ಸೈಟಿಗೇ ಹೋದೆ. ಅಲ್ಲಿ ದಿನಾಂಕ ಹಾಕಿದರೆ ಆರಂಭ, ಗರಿಷ್ಠ, ಕನಿಷ್ಠ, ಮುಕ್ತಾಯ, ವಹಿವಾಟಾದ ಶೇರುಗಳ ಸಂಖ್ಯೆ, ಎಲ್ಲ ಸಾಲಾಗಿ ಸಿಗುತ್ತದೆ. ಅಲ್ಲಿರುವುದು ಆಯಾ ದಿನದ ಅಸಲಿ ಬೆಲೆ, ಯಾವ ಭಾಗಾಕಾರವೂ ಇಲ್ಲದ್ದು. ಎಸ್‌ಬಿಐ ಒಡೆದದ್ದು 2014ರಲ್ಲೇ ಆದ್ದರಿಂದ 2018ರ ಬೆಲೆಗೆ ಕೈ ಹಚ್ಚುವ ಕೆಲಸ ಇರಲಿಲ್ಲ. ಕೆನರಾ ಬ್ಯಾಂಕ್ ಶೇರು ಇದ್ದವರಿಗೆ ಈ ಸುಖ ಇಲ್ಲ. ಅದು 2024ರ ಮೇ ತಿಂಗಳಲ್ಲಿ ಒಂದಕ್ಕೆ ಐದಾಗಿ ಒಡೆದಿದೆ. 2018ರ ಅಸಲಿ ಬೆಲೆಯನ್ನು ಐದರಿಂದ ಭಾಗಿಸದೆ ಹಾಕಿದರೆ ಲಾಭವೇ ಮಾಯ, ಆಮೇಲೆ ನೋಟಿಸು.

2018ರ ಆ ದಿನ ಎಸ್‌ಬಿಐ 340 ಮುಟ್ಟಿರಲಿಲ್ಲ. ಹಾಗಾಗಿ ಮಾವನಿಗೆ ಅವರು ಕೊಟ್ಟ ಬೆಲೆಯೇ ಲೆಕ್ಕಕ್ಕೆ.

ಅಷ್ಟರಲ್ಲಿ ಮನೆಯಿಂದ ಅತ್ತೆಯ ಫೋನು. "ನನ್ನವೂ ನೋಡು" ಅಂದರು. ಅವರ ಹೆಸರಲ್ಲಿ ಬೇರೆ ಡಿಮ್ಯಾಟ್ ಖಾತೆ, ಅದರಲ್ಲಿ 110 ಎಸ್‌ಬಿಐ ಶೇರು. ಇವರು ಎಸ್‌ಬಿಐ ಕೊಂಡದ್ದೇ ಇಲ್ಲ! 2014ರಲ್ಲಿ ಕೊಂಡಿದ್ದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ 50 ಶೇರು, 27,500 ರೂಪಾಯಿಗೆ. 2017ರ ಏಪ್ರಿಲ್ 1ರಂದು ಆ ಬ್ಯಾಂಕು ಎಸ್‌ಬಿಐನಲ್ಲಿ ಸೇರಿಹೋಯಿತು. ಪ್ರತಿ 10 ಮೈಸೂರು ಶೇರಿಗೆ 22 ಎಸ್‌ಬಿಐ ಶೇರು ಕೊಟ್ಟರು, 50ಕ್ಕೆ 110. ಈಗ ಆ್ಯಪ್‌ನಲ್ಲಿ ಮೈಸೂರು ಬ್ಯಾಂಕಿನ ಹೆಸರು ಹೊಡೆದರೆ ಏನೂ ಬರುವುದಿಲ್ಲ. ಎಸ್‌ಬಿಐನ 2014ರ ಬೆಲೆ ನೋಡಿದರೂ ಅದು ಅತ್ತೆಯ ಬೆಲೆ ಅಲ್ಲ. ಅವರು ಕೊಟ್ಟ 27,500ನ್ನು ಹೊಸ 110 ಶೇರಿಗೆ ಹಂಚಬೇಕು, ತಲಾ 250. ಕೊಂಡ ದಿನವೂ ಹಳೆಯದೇ ಉಳಿಯುತ್ತದೆ. 2018ರ ಜನವರಿ 31ರ ಬೆಲೆ 250ಕ್ಕಿಂತ ಚೆನ್ನಾಗಿಯೇ ಮೇಲಿತ್ತು. ಹಾಗಾಗಿ ಅತ್ತೆಗೆ ಆ ದಿನದ ಗರಿಷ್ಠ ಬೆಲೆಯೇ ಖರೀದಿ ಬೆಲೆ. ಒಂದೇ ಮನೆ, ಒಂದೇ ಬ್ಯಾಂಕಿನ ಶೇರು, ಲೆಕ್ಕ ಮಾತ್ರ ಗಂಡನಿಗೊಂದು, ಹೆಂಡತಿಗೊಂದು.

"ಮತ್ತ ನಮ್ಮ ಎಸ್‌ಬಿಎಚ್ ಭಾವ ಎಷ್ಟಿತ್ತೋ?" ಅಂತ ಮಾವ ಕೇಳಿದರು. ಎಸ್‌ಬಿಎಚ್ ಅಂದರೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್, ನಿಜಾಮರ ಕಾಲದಲ್ಲಿ, 1941ರಲ್ಲಿ ಶುರುವಾದ ಬ್ಯಾಂಕು. ನಮ್ಮ ಕಡೆ ಹಳೇ ತಲೆಗಳ ಬಾಯಲ್ಲಿ ಎಸ್‌ಬಿಐ ಈಗಲೂ ಎಸ್‌ಬಿಎಚ್ಚೇ. ಅದೂ ಅದೇ ದಿನ ವಿಲೀನವಾಯಿತು. ಆದರೆ ಅದರ ಬಂಡವಾಳವೆಲ್ಲ ಎಸ್‌ಬಿಐ ಕೈಯಲ್ಲೇ ಇದ್ದುದರಿಂದ ಅದು ಪೇಟೆಯಲ್ಲಿ ಶೇರಾಗಿ ಬಿಕರಿ ಆಗಲೇ ಇಲ್ಲ. ಭಾವವೇ ಇಲ್ಲ ಅಂದೆ. ಮಾವನಿಗೆ ಅದು ಅಷ್ಟು ಸರಿಬರಲಿಲ್ಲ.

ಲೆಕ್ಕ ಮುಗಿಯುವ ಹೊತ್ತಿಗೆ ಭಜಿ ಖಾಲಿ. ಆಗ ಎಸ್‌ಬಿಐ ಸುಮಾರು 800ರಲ್ಲಿತ್ತು. ಮಾವನ 200 ಶೇರು ಅಂದರೆ 1,60,000. ಲಾಭ 92,000. 2024ರ ಜುಲೈ 23ರಿಂದ ಇಂಥ ಲಾಭಕ್ಕೆ 12.5% ತೆರಿಗೆ. ಆದರೆ ವರ್ಷಕ್ಕೆ 1.25 ಲಕ್ಷದವರೆಗೆ ಏನೂ ಇಲ್ಲ. ಅತ್ತೆಯ ಲಾಭ ಅದಕ್ಕಿಂತಲೂ ಕಡಿಮೆ. ಇಬ್ಬರಿಗೂ ತೆರಿಗೆ ಸೊನ್ನೆ.

"ಮತ್ತ ಇಷ್ಟು ಹೊತ್ತು ಏನು ಮಾಡಿದಿ?" ಅಂದರು ಮಾವ. ತೆರಿಗೆ ಇಲ್ಲದಿದ್ದರೂ ರಿಟರ್ನ್‌ನಲ್ಲಿ ತೋರಿಸಬೇಕಲ್ವಾ ಅಂದೆ.

ಆಮೇಲೆ ಅವರು ಕೇಳಿದ ಪ್ರಶ್ನೆಯೇ ಆ ದಿನದ ಅಸಲಿ ಪ್ರಶ್ನೆ. ನಾನು ಗಳಿಸಿದೆನೋ, ಸುಮ್ನೆ ಇಟ್ಟುಕೊಂಡು ಕೂತೆನೋ? 340 ಹೋಗಿ 800 ಆಗಲು ಹದಿನಾಲ್ಕು ವರ್ಷಕ್ಕೂ ಜಾಸ್ತಿ ಹಿಡಿದಿತ್ತು. ವರ್ಷಕ್ಕೆ 6%ರ ಹತ್ತಿರ. ಡಿವಿಡೆಂಡನ್ನೂ ಕೂಡಿಸಿದೆ. ಗ್ರಾಫ್‌ನ ಗೆರೆಯಲ್ಲಿ ಅದು ಕಾಣುವುದಿಲ್ಲ, ಬೇರೆಯೇ ಹುಡುಕಬೇಕು. 2010–11ಕ್ಕೆ ಹಳೇ ಶೇರಿಗೆ 30 ರೂಪಾಯಿ. 2017–18ರಿಂದ ಮೂರು ವರ್ಷ ಒಂದು ಪೈಸೆಯೂ ಇಲ್ಲ, ಮೊದಲೆರಡು ಕೆಟ್ಟ ಸಾಲಗಳ ವರ್ಷಗಳು, ಮೂರನೆಯದಕ್ಕೆ ಕೊರೊನಾದಿಂದಾಗಿ ರಿಸರ್ವ್ ಬ್ಯಾಂಕೇ ತಡೆದಿತ್ತು. 2024–25ಕ್ಕೆ ಹೊಸ ಶೇರಿಗೆ 15.90. ಎಲ್ಲ ಸೇರಿ ಮಾವನಿಗೆ ಬಂದದ್ದು ಹದಿನೈದು ಸಾವಿರದ ಹತ್ತಿರ. ಅದನ್ನು ಹಿಡಿದರೂ ಗಳಿಕೆ ವರ್ಷಕ್ಕೆ 7%ರ ಆಸುಪಾಸು.

ಮಾವನ ಮುಖ ಸಪ್ಪಗಾಯಿತು. ನಾನು ಗ್ರಾಫನ್ನು 2020ರ ಮೇ ತಿಂಗಳಿಗೆ ಸರಿಸಿದೆ. ಕೊರೊನಾ ಕಾಲದಲ್ಲಿ ಇದೇ ಶೇರು 150ರ ಆಸುಪಾಸು ಬಿದ್ದಿತ್ತು. ಅಲ್ಲಿಂದ ನೋಡಿದರೆ ಐದು ವರ್ಷದಲ್ಲಿ ಐದು ಪಟ್ಟು. ಅದೇ ಬ್ಯಾಂಕು, ಅದೇ ಗೆರೆ. ವಾಟ್ಸ್‌ಆ್ಯಪ್‌ನಲ್ಲಿ "ಅಂದು ಒಂದು ಲಕ್ಷ ಹಾಕಿದ್ದರೆ ಇಂದು ಇಷ್ಟಾಗುತ್ತಿತ್ತು" ಅಂತ ಬರುವ ಸಂದೇಶಗಳು ಶುರುವಾಗುವುದು ಯಾವಾಗಲೂ ಇಂಥ ಹೊಂಡದಿಂದಲೇ. ದೀಪಾವಳಿಯ ಶಿಖರದಿಂದ ಶುರುವಾದ ಒಂದು ಸಂದೇಶವನ್ನೂ ನಾನು ಈವರೆಗೆ ನೋಡಿಲ್ಲ.

ಮಾವನಿಗೆ ಇದೇನೂ ಹೊಸ ಮಾತಲ್ಲ. 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಆದಾಗ ಎಲ್ಲರೂ ತೊಗರಿ ಬಿತ್ತಿದರು. ಮುಂದಿನ ಸುಗ್ಗಿಗೆ ತೊಗರಿ ಕ್ವಿಂಟಲ್‌ಗೆ 5,050ರ ಬೆಂಬಲ ಬೆಲೆಗಿಂತಲೂ ಕೆಳಗೆ ಬಿತ್ತು. "ಆಗೂ ಮಂದಿ ಬರೀ ಒಂದು ವರ್ಷದ ಭಾವ ನೋಡಿದ್ರು" ಅಂದು ಎದ್ದು ಕೈ ತೊಳೆದುಕೊಂಡು ಬಂದರು.

ಗ್ರಾಫ್‌ನಲ್ಲಿ ಒಂದು ಕಡೆ ಮಾತ್ರ ಅವರ ಬೆರಳು ತುಂಬ ಹೊತ್ತು ನಿಂತಿತು. 2017ರ ಅಕ್ಟೋಬರ್ 25. ಒಂದೇ ದಿನ 25%ಗೂ ಮೇಲೆ ಜಿಗಿತ. ಹಿಂದಿನ ದಿನ ಸರ್ಕಾರಿ ಬ್ಯಾಂಕುಗಳಿಗೆ 2.11 ಲಕ್ಷ ಕೋಟಿ ರೂಪಾಯಿ ಬಂಡವಾಳ ತುಂಬುವುದಾಗಿ ಕೇಂದ್ರ ಸರ್ಕಾರ ಹೇಳಿತ್ತು. "ಆ ದಿನ ನಾ ಎಲ್ಲಿದ್ದೆ?" ಅಂದರು. ದೀಪಾವಳಿ ಕಳೆದ ವಾರ, ಅಂಗಡಿಯಲ್ಲೇ ಇದ್ದಿರಬೇಕು. ಶೇರಿನ ಬೆಲೆ ನೋಡುವ ಅಭ್ಯಾಸ ಅವರಿಗೆ ಆಗಲೂ ಇರಲಿಲ್ಲ.

ಸೋಮವಾರ ಅತ್ತೆ ತಮ್ಮ 110ನ್ನೂ ಮಾರಿದರು. ಮಾವ ಮಾರಿದ್ದು ನೂರು. ಉಳಿದ ನೂರು ಯಾಕೆ ಇಟ್ಟುಕೊಂಡಿರಿ ಅಂದಿದ್ದಕ್ಕೆ, "ನಾ ಕೊಟ್ಟ 340ಕ್ಕ ಈಗ ವರ್ಷಾ ಸುಮಾರು 16 ರೂಪಾಯಿ ಬರ್ಲಿಕತ್ತದ, ಇರ್ಲಿ ಬಿಡು" ಅಂದರು. ಮೇಲಿನ ಎರಡು ಕೋಣೆಯಲ್ಲಿ ಸದ್ಯಕ್ಕೆ ಒಂದೇ ಎದ್ದಿದೆ.